ಗಂಟೆಗೆ 400 ಟನ್ ಎಣ್ಣೆ

ಮೂವತ್ತಕ್ಕೂ ಹೆಚ್ಚು ವರ್ಷ ಸೀಮೆಸುಣ್ಣ ಹಿಡಿದು ಹತ್ತನೆಯ ತರಗತಿಯ ಮಕ್ಕಳಿಗೆ ಎರಡನೆಯ ಮಹಾಯುದ್ಧದ ಪಾಠ ಮಾಡಿದವನು ನಾನು. ಪ್ರತಿ ವರ್ಷವೂ ಕರಿಹಲಗೆಯ ಮೇಲೆ ‘1941 ಡಿಸೆಂಬರ್ 7, ಪರ್ಲ್ ಹಾರ್ಬರ್’ ಎಂದು ಬರೆದು, ಅದರ ಕೆಳಗೆ ಎರಡು ಗೆರೆ ಎಳೆದು, ‘ಇದು ಪರೀಕ್ಷೆಗೆ ಬರುತ್ತದೆ, ಗುರುತು ಹಾಕಿಕೊಳ್ಳಿ’ ಎನ್ನುತ್ತಿದ್ದೆ. ಒಂದು ವರ್ಷ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, ‘ಸಾರ್, ಜಪಾನು ಆಗಲೇ ಚೀನಾ ಜೊತೆ ಹೊಡೆದಾಡ್ತಾ ಇತ್ತಲ್ಲ. ಅದು ಮುಗಿಯೋ ಮೊದಲೇ ತನಗಿಂತ ದೊಡ್ಡ ಅಮೆರಿಕಾನ ಯಾಕೆ ಕೆಣಕ್ತು?’ ಎಂದು ಕೇಳಿದ. ‘ಸಾಮ್ರಾಜ್ಯದಾಹ’ ಎಂಬ ಒಂದೇ ಪದವನ್ನು ಉತ್ತರವಾಗಿ ಕೊಟ್ಟು ನಾನು ಮುಂದಿನ ಪುಟಕ್ಕೆ ಹೋದೆ. ಹುಡುಗ ಕುಳಿತುಕೊಂಡ. ಅವನ ಮುಖದಲ್ಲಿ ಸಮಾಧಾನವಿರಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಇರಲಿಲ್ಲ. ಆದರೆ ಜನವರಿಯೊಳಗೆ ಪಾಠಗಳನ್ನು ಮುಗಿಸಬೇಕಾಗಿತ್ತು.

ನಿವೃತ್ತಿಯಾದ ಮೇಲೆ ಬಿಡುವು ದೊರಕಿತು. ಆ ಕಾಲದ ಚರಿತ್ರೆಯನ್ನು ನಿಧಾನವಾಗಿ ಓದಿದೆ. ಓದಿದಷ್ಟೂ ಅಂದು ಕೊಟ್ಟ ಉತ್ತರ ಎಷ್ಟು ಸೋಮಾರಿತನದ್ದೆಂಬುದು ಮನವರಿಕೆಯಾಯಿತು. ದಾಹವೇನೋ ಇತ್ತು. ಆದರೆ ಅದು 1931ರಲ್ಲಿ ಮಂಚೂರಿಯಾವನ್ನು ನುಂಗಿದಾಗಲೂ ಇತ್ತು, 1937ರ ಜುಲೈನಲ್ಲಿ ಚೀನಾದ ಮೇಲೆ ಪೂರ್ಣ ಯುದ್ಧ ಹೂಡಿದಾಗಲೂ ಇತ್ತು. ಅದೇ ದಾಹ 1941ರ ಡಿಸೆಂಬರ್ ತಿಂಗಳಲ್ಲೇ, ಅಮೆರಿಕದ ನೌಕಾನೆಲೆಯ ಮೇಲೆಯೇ ಏಕೆ ಎರಗಿತು ಎಂಬುದು ಹುಡುಗನ ಪ್ರಶ್ನೆಯ ತಿರುಳು. ಅದಕ್ಕೆ ಉತ್ತರ ಎಣ್ಣೆಯಲ್ಲಿದೆ. ಅಡುಗೆಯ ಎಣ್ಣೆಯಲ್ಲ, ನೆಲದಿಂದ ತೆಗೆಯುವ ಖನಿಜ ತೈಲ.

ಹಡಗುಗಳು ಕಲ್ಲಿದ್ದಲಿನಿಂದ ಓಡುತ್ತಿದ್ದ ಕಾಲದಲ್ಲಿ ಜಪಾನಿಗೆ ಈ ಚಿಂತೆ ಇರಲಿಲ್ಲ. 1905ರಲ್ಲಿ ಸುಷಿಮಾ ಜಲಸಂಧಿಯಲ್ಲಿ ರಷ್ಯಾದ ನೌಕಾಪಡೆಯನ್ನು ಅದು ಮುಳುಗಿಸಿದ್ದು ಇದ್ದಿಲಿನ ಬಲದಿಂದಲೇ. ಆದರೆ ಎಣ್ಣೆಯಿಂದ ಓಡುವ ಹಡಗು ಹೆಚ್ಚು ವೇಗ, ಹೆಚ್ಚು ದೂರ ಹೋಗುತ್ತದೆ, ಇದ್ದಿಲು ತುಂಬುವ ನೂರಾರು ಆಳುಗಳೂ ಬೇಡ. ಮೊದಲನೆಯ ಮಹಾಯುದ್ಧಕ್ಕೆ ಮುನ್ನವೇ ಬ್ರಿಟನ್ ತನ್ನ ಹೊಸ ಯುದ್ಧನೌಕೆಗಳನ್ನು ಎಣ್ಣೆಗೆ ಬದಲಾಯಿಸಿತು. ತನ್ನ ನೆಲದಲ್ಲಿ ಕಲ್ಲಿದ್ದಲು ಬೇಕಾದಷ್ಟಿದ್ದು ಎಣ್ಣೆಯ ಹನಿಯೂ ಇಲ್ಲದಿದ್ದ ಆ ದೇಶ 1914ರಲ್ಲಿ ಪರ್ಷಿಯಾದ ತೈಲ ಕಂಪನಿಯ ಶೇ. 51ರಷ್ಟು ಪಾಲನ್ನು ಸರ್ಕಾರದ ಹಣದಿಂದ ಕೊಂಡಿತು. ಅದೇ ವರ್ಷದ ನವೆಂಬರಿನಲ್ಲಿ ಪರ್ಷಿಯಾ ಕೊಲ್ಲಿಯ ತುದಿಯ ಫಾವೊ ಎಂಬಲ್ಲಿ ಇಳಿದ ಸೇನೆ ಭಾರತದಿಂದ ಹೋದದ್ದು; ಅದರ ಕೆಲಸಗಳಲ್ಲೊಂದು ಆ ಎಣ್ಣೆಯನ್ನು ಕಾಯುವುದು. ಅದು ಇನ್ನೊಂದು ದೊಡ್ಡ ಕಥೆ, ಇಲ್ಲಿ ಬೇಡ. ಮಿಕ್ಕ ನೌಕಾಪಡೆಗಳು ಬ್ರಿಟನ್ನಿನ ದಾರಿಯನ್ನೇ ಹಿಡಿದವು. ಜಪಾನೂ ಹಿಡಿಯಿತು.

ಇಲ್ಲಿಂದ ಕಷ್ಟ ಆರಂಭವಾಯಿತು. ಜಪಾನಿನ ನೀಗಾತಾ, ಅಕಿತಾ ಪ್ರಾಂತಗಳಲ್ಲಿ ಒಂದಿಷ್ಟು ಬಾವಿಗಳಿದ್ದವು. ಅವು 1930ರ ದಶಕದ ಕೊನೆಯಲ್ಲಿ ದೇಶದ ಅಗತ್ಯದ ಸುಮಾರು ಶೇ. 7ರಷ್ಟನ್ನು ಮಾತ್ರ ಪೂರೈಸುತ್ತಿದ್ದವು. ಸುಮಾರು ಶೇ. 80ರಷ್ಟು ಅಮೆರಿಕದಿಂದಲೇ ಬರುತ್ತಿತ್ತು. ಇನ್ನು ಶೇ. 10ರಷ್ಟು ಅಂದಿನ ಡಚ್ ಈಸ್ಟ್ ಇಂಡೀಸ್, ಅಂದರೆ ಇಂದಿನ ಇಂಡೋನೇಷ್ಯಾದಿಂದ. ಕಲ್ಲಿದ್ದಲಿನಿಂದ ಕೃತಕ ಪೆಟ್ರೋಲ್ ತಯಾರಿಸುವ ಏಳು ವರ್ಷದ ಯೋಜನೆಯನ್ನು 1937ರಲ್ಲಿ ಹಾಕಿಕೊಂಡರು. ಅದು ಗುರಿಯ ಹತ್ತಿರಕ್ಕೂ ಬರಲಿಲ್ಲ. ಪರಿಸ್ಥಿತಿಯ ವಿಚಿತ್ರವನ್ನು ಓದುಗರು ಗಮನಿಸಬೇಕು. ಜಪಾನಿನ ನೌಕಾಪಡೆ ತನ್ನ ಮುಂದಿನ ಶತ್ರು ಅಮೆರಿಕವೇ ಎಂದು ಭಾವಿಸಿ ವರ್ಷಗಟ್ಟಲೆ ಯುದ್ಧಾಭ್ಯಾಸ ನಡೆಸುತ್ತಿತ್ತು. ಆ ಅಭ್ಯಾಸದಲ್ಲಿ ಉರಿಯುತ್ತಿದ್ದ ಎಣ್ಣೆ ಕ್ಯಾಲಿಫೋರ್ನಿಯಾದಿಂದ ಬರುತ್ತಿತ್ತು! ಜಗಳಕ್ಕೆ ನಿಂತ ದಾಯಾದಿಯ ಬಾವಿಯಿಂದಲೇ ದಿನವೂ ನೀರು ಸೇದಿ ತರುವ ಮನೆಯನ್ನು ನೆನಪಿಸಿಕೊಳ್ಳಿ.

ಚೀನಾದ ಯುದ್ಧ ಮೂರು ತಿಂಗಳಲ್ಲಿ ಮುಗಿಯುತ್ತದೆಂದು ಟೋಕಿಯೋದ ಸೇನಾಧಿಕಾರಿಗಳು ನಂಬಿದ್ದರು. ಮೂರು ವರ್ಷವಾದರೂ ಮುಗಿಯಲಿಲ್ಲ. ಯುದ್ಧ ಬೆಳೆದಂತೆ ಎಣ್ಣೆಯ ಹಸಿವೂ ಬೆಳೆಯಿತು, ಅದರೊಂದಿಗೆ ಅಮೆರಿಕದ ಕೋಪವೂ ಬೆಳೆಯಿತು. 1940ರ ಮೇ ತಿಂಗಳಲ್ಲಿ ಹಾಲೆಂಡನ್ನು ಜರ್ಮನಿ ಆಕ್ರಮಿಸಿದಾಗ ಈಸ್ಟ್ ಇಂಡೀಸ್ ಯಜಮಾನನಿಲ್ಲದ ತೋಟದಂತೆ ಜಪಾನಿಗೆ ಕಂಡಿತು. ಬಟೇವಿಯಾಕ್ಕೆ, ಅಂದರೆ ಇಂದಿನ ಜಕಾರ್ತಕ್ಕೆ, ನಿಯೋಗಗಳು ಹೋದವು. ಡಚ್ಚರು ಒಂದಿಷ್ಟು ಎಣ್ಣೆ ಕೊಡಲು ಒಪ್ಪಿದರು, ಕೇಳಿದ್ದಕ್ಕಿಂತ ಬಹಳ ಕಡಿಮೆ. 1941ರ ಜೂನ್ ವೇಳೆಗೆ ಮಾತುಕತೆ ಮುರಿದು ಬಿತ್ತು. ಅಷ್ಟರಲ್ಲಿ ಅಮೆರಿಕ ವಿಮಾನದ ಉತ್ತಮ ದರ್ಜೆಯ ಪೆಟ್ರೋಲ್, ಗುಜರಿ ಕಬ್ಬಿಣ ಎಂದು ಒಂದೊಂದಾಗಿ ಸರಕುಗಳ ಮಾರಾಟವನ್ನು ನಿಲ್ಲಿಸುತ್ತಿತ್ತು. ಕಚ್ಚಾ ತೈಲವನ್ನು ಮಾತ್ರ ಮುಟ್ಟಲಿಲ್ಲ. ಅಧ್ಯಕ್ಷ ರೂಸ್‌ವೆಲ್ಟರಿಗೆ ತಿಳಿದಿತ್ತು: ಎಣ್ಣೆ ನಿಲ್ಲಿಸಿದರೆ ಜಪಾನು ಸುಮ್ಮನೆ ಕೂರುವುದಿಲ್ಲ, ಈಸ್ಟ್ ಇಂಡೀಸಿನ ಬಾವಿಗಳತ್ತ ಕೈ ಚಾಚುತ್ತದೆ. ದಕ್ಷಿಣ ಪೆಸಿಫಿಕ್ಕಿನಲ್ಲಿ ಯುದ್ಧ ತಪ್ಪಿಸುವ ಸಲುವಾಗಿಯೇ ಎಣ್ಣೆ ಮಾರುತ್ತ ಬಂದಿದ್ದೇವೆ ಎಂಬರ್ಥದ ಮಾತನ್ನು ಅವರು 1941ರ ಜುಲೈನಲ್ಲಿ ಬಹಿರಂಗವಾಗಿಯೇ ಆಡಿದ್ದರು.

ಅದೇ ಜುಲೈ ಕೊನೆಯಲ್ಲಿ ಜಪಾನಿನ ಸೇನೆ ಫ್ರೆಂಚರ ವಶದಲ್ಲಿದ್ದ ದಕ್ಷಿಣ ಇಂಡೋಚೀನಾಕ್ಕೆ ನುಗ್ಗಿತು. ಅಲ್ಲಿಂದ ಸಿಂಗಾಪುರವೂ ಈಸ್ಟ್ ಇಂಡೀಸೂ ವಿಮಾನಕ್ಕೆ ನಿಲುಕುವ ದೂರ. ಜುಲೈ 26ರಂದು ರೂಸ್‌ವೆಲ್ಟ್ ಅಮೆರಿಕದಲ್ಲಿದ್ದ ಜಪಾನಿನ ಹಣವನ್ನೆಲ್ಲ ತಡೆಹಿಡಿದರು. ಬ್ರಿಟನ್ನೂ ಡಚ್ಚರೂ ಬೆನ್ನಲ್ಲೇ ಅದನ್ನೇ ಮಾಡಿದರು.

ಇಲ್ಲಿ ನಡೆದ ಒಂದು ಸಂಗತಿ ಸರ್ಕಾರಿ ಕಚೇರಿಗಳ ಮೆಟ್ಟಿಲು ಹತ್ತಿ ಇಳಿದ ನಮ್ಮಂಥವರಿಗೆ ಚೆನ್ನಾಗಿ ಅರ್ಥವಾಗುತ್ತದೆ. ಕಾಗದದ ಮೇಲೆ ಎಣ್ಣೆಯ ಮಾರಾಟ ನಿಷೇಧವಾಗಿರಲೇ ಇಲ್ಲ. ಪರವಾನಗಿ ಪಡೆದು, ಚೀನಾದ ಯುದ್ಧಕ್ಕೆ ಮುಂಚಿನ ಪ್ರಮಾಣದಲ್ಲಿ, ಜಪಾನು ಎಣ್ಣೆ ಕೊಳ್ಳಬಹುದಾಗಿತ್ತು. ಕೆಲವು ಪರವಾನಗಿಗಳು ಮಂಜೂರಾದವು ಕೂಡ. ಆದರೆ ಬೆಲೆ ಕೊಡಲು ತಡೆಹಿಡಿದ ಹಣ ಬಿಡುಗಡೆಯಾಗಬೇಕಲ್ಲ? ಆ ಕಡತ ವಿದೇಶಾಂಗ ಖಾತೆಯ ಸಹಾಯಕ ಕಾರ್ಯದರ್ಶಿ ಡೀನ್ ಅಚೆಸನ್ ಅವರಿದ್ದ ಸಮಿತಿಯ ಮುಂದೆ ಬಂದು ಅಲ್ಲಿಯೇ ನಿಂತಿತು. ಜಪಾನೀಯರು ಒಂದು ದಾರಿ ಸೂಚಿಸಿದರೆ ಸಮಿತಿ ಇನ್ನೊಂದು ಪ್ರಶ್ನೆ ಕೇಳುತ್ತಿತ್ತು. ಜಪಾನಿನ ಎರಡು ತೈಲ ಹಡಗುಗಳು ಲಾಸ್ ಏಂಜಲೀಸ್ ಬಳಿಯ ಬಂದರಿನಲ್ಲಿ ಖಾಲಿಯಾಗಿ ಕಾಯುತ್ತ ನಿಂತಿದ್ದವು. ರೂಸ್‌ವೆಲ್ಟ್ ಆಗಸ್ಟ್ ತಿಂಗಳಲ್ಲಿ ಚರ್ಚಿಲ್ ಅವರನ್ನು ಭೇಟಿಯಾಗಲು ಅಟ್ಲಾಂಟಿಕ್ ಸಾಗರಕ್ಕೆ ಹೋಗಿ ಬಂದರು. ಅವರು ಮರಳಿದ ಮೇಲೂ ಒಂದು ಹನಿ ಎಣ್ಣೆ ಹೊರಡಲಿಲ್ಲ. ಸಂಪೂರ್ಣ ನಿಷೇಧ ಅವರ ಮೂಲ ಉದ್ದೇಶವಾಗಿತ್ತೋ ಅಥವಾ ಕೆಳಗಿನವರ ಬಿಗಿತನ ತಾನಾಗಿ ನೀತಿಯಾಯಿತೋ ಎಂಬ ಬಗ್ಗೆ ಇತಿಹಾಸಕಾರರಲ್ಲಿ ಇಂದಿಗೂ ವಾದವಿದೆ. ನನಗಂತೂ ಎರಡನೆಯದೇ ಹೆಚ್ಚು ಸಂಭವನೀಯವೆನಿಸುತ್ತದೆ. ಸೆಪ್ಟೆಂಬರಿನಲ್ಲಿ ವಿಷಯ ಗಮನಕ್ಕೆ ಬಂದಾಗ ಹಿಂದೆ ಸರಿದರೆ ಅಮೆರಿಕ ಹೆದರಿತೆಂಬ ಅರ್ಥ ಬರುತ್ತಿತ್ತು. ಆದ್ದರಿಂದ ಹಾಗೆಯೇ ಬಿಟ್ಟರು.

ಈಗ ಟೋಕಿಯೋದ ಕಡೆಯಿಂದ ನೋಡೋಣ. ಕೂಡಿಟ್ಟಿದ್ದ ತೈಲ ಸುಮಾರು 5 ಕೋಟಿ ಬ್ಯಾರೆಲ್. ಯುದ್ಧ ನಡೆಸಿದರೆ ಒಂದೂವರೆ ವರ್ಷದಿಂದ ಎರಡು ವರ್ಷಕ್ಕೆ ಸಾಕು. ಯುದ್ಧ ಮಾಡದೆ ಸುಮ್ಮನಿದ್ದರೂ ಅದು ಕರಗುತ್ತಲೇ ಇರುತ್ತದೆ. ನೌಕಾಪಡೆಯ ಮುಖ್ಯಸ್ಥ ನಗಾನೊ ಒಸಾಮಿ ಸಭೆಯೊಂದರಲ್ಲಿ ಲೆಕ್ಕ ಒಪ್ಪಿಸಿದರು: ನೌಕಾಪಡೆ ಗಂಟೆಗೆ 400 ಟನ್ ಎಣ್ಣೆ ಸುಡುತ್ತಿದೆ, ಏನು ಮಾಡುವುದಾದರೂ ಬೇಗ ತೀರ್ಮಾನಿಸಬೇಕು. ಈ ಲೆಕ್ಕವನ್ನು ಓದಿದಾಗ ಅಂದಿನ ತರಗತಿ ನೆನಪಾಯಿತು. ಹುಡುಗನಿಗೆ ಹೇಳಬೇಕಾಗಿದ್ದ ಉತ್ತರ ಇದೇ. ಎಣ್ಣೆಯ ಅವಲಂಬನೆ ಜಪಾನಿನಲ್ಲಿ ಯುದ್ಧದ ಬಯಕೆಯನ್ನು ಹುಟ್ಟಿಸಲಿಲ್ಲ, ಆ ಬಯಕೆಗೆ ಒಂದು ತಾರೀಖನ್ನು ಗೊತ್ತುಮಾಡಿತು. ಆ ಸಭೆಗಳಲ್ಲಿದ್ದ ಎಲ್ಲರೂ ಯುದ್ಧೋನ್ಮಾದದವರಲ್ಲ. ಗೆಲ್ಲುತ್ತೇವೆಂಬ ದೃಢ ಭರವಸೆ ಅನೇಕರಿಗೆ ಇರಲಿಲ್ಲ. ಆದರೆ ಇಂದು ಹೋರಾಡುವ ಶಕ್ತಿಯಿದೆ, ಇನ್ನೊಂದು ವರ್ಷ ಕಳೆದರೆ ಹಡಗು ಬಂದರಿನಿಂದ ಹೊರಡಲೂ ಆಗುವುದಿಲ್ಲ ಎಂಬ ಒಂದೇ ವಾದದ ಮುಂದೆ ಮಿಕ್ಕ ವಾದಗಳೆಲ್ಲ ಸೋತವು.

ಬೇರೆ ದಾರಿ ಇರಲಿಲ್ಲವೇ? ಇತ್ತು. ಅಮೆರಿಕ ಕೇಳುತ್ತಿದ್ದುದು ಮುಖ್ಯವಾಗಿ ಚೀನಾದಿಂದ ಸೇನೆಯನ್ನು ಹಿಂತೆಗೆದುಕೊಳ್ಳಿ ಎಂದು. ಹಾಗೆ ಮಾಡಿದ್ದರೆ ಎಣ್ಣೆ ಮತ್ತೆ ಹರಿಯಬಹುದಾಗಿತ್ತು. ಪ್ರಧಾನಿ ಕೊನೊಯೆ ಒಂದಿಷ್ಟು ಬಗ್ಗಲು ಸಿದ್ಧರಿದ್ದರು. ಸೇನಾ ಸಚಿವ ತೋಜೋ ಹಿದೆಕಿ ಸುತರಾಂ ಒಪ್ಪಲಿಲ್ಲ. ಚೀನಾದಲ್ಲಿ ಸತ್ತ ಸಾವಿರಾರು ಸೈನಿಕರ ಬಲಿದಾನ ವ್ಯರ್ಥವಾಗುತ್ತದೆ ಎಂಬುದು ಅವರ ನಿಲುವು. ಸತ್ತವರ ಹೆಸರಿನಲ್ಲಿ ಇನ್ನಷ್ಟು ಜನರನ್ನು ಸಾಯಲು ಕಳಿಸುವ ಈ ತರ್ಕವನ್ನು ನಾನು ಯಾವ ದೇಶದ ಚರಿತ್ರೆ ಓದಿದರೂ ಕಾಣುತ್ತೇನೆ. ಸೆಪ್ಟೆಂಬರ್ 6ರ ಸಭೆಯಲ್ಲಿ ಚಕ್ರವರ್ತಿ ಹಿರೊಹಿಟೊ ತಮ್ಮ ಅಜ್ಜ ಮೇಜಿ ಚಕ್ರವರ್ತಿ ಬರೆದ ಶಾಂತಿಯ ಕವಿತೆಯೊಂದನ್ನು ಓದಿದರಂತೆ. ಎಲ್ಲರೂ ತಲೆ ತಗ್ಗಿಸಿ ಕೇಳಿ, ಯುದ್ಧದ ಸಿದ್ಧತೆಯ ನಿರ್ಣಯವನ್ನು ಹಾಗೆಯೇ ಉಳಿಸಿಕೊಂಡು ಎದ್ದುಹೋದರು. ಅಕ್ಟೋಬರಿನಲ್ಲಿ ಕೊನೊಯೆ ರಾಜೀನಾಮೆ ಕೊಟ್ಟರು, ತೋಜೋ ಪ್ರಧಾನಿಯಾದರು.

ಸೋಲನ್ನು ಯಾರೂ ಮುಂಗಾಣಲಿಲ್ಲ ಎನ್ನುವಂತಿಲ್ಲ. ಜಪಾನ್ ಸರ್ಕಾರವೇ ಸ್ಥಾಪಿಸಿದ ಸಮಗ್ರ ಯುದ್ಧ ಸಂಶೋಧನಾ ಸಂಸ್ಥೆಯಲ್ಲಿ ಬೇರೆ ಬೇರೆ ಇಲಾಖೆಗಳಿಂದ ಆರಿಸಿದ ಯುವ ಅಧಿಕಾರಿಗಳಿದ್ದರು. 1941ರ ಬೇಸಗೆಯಲ್ಲಿ ಅವರಿಗೆ ಒಂದು ಅಭ್ಯಾಸ ಕೊಟ್ಟರು: ನೀವೇ ಮಂತ್ರಿಮಂಡಲವೆಂದು ಭಾವಿಸಿ ಅಮೆರಿಕದೊಡನೆ ಯುದ್ಧವಾದರೆ ಏನಾಗುತ್ತದೆ ಲೆಕ್ಕ ಹಾಕಿ. ಅವರು ಅಂಕಿ ಅಂಶಗಳನ್ನಿಟ್ಟುಕೊಂಡು ಲೆಕ್ಕ ಹಾಕಿದರು. ದಕ್ಷಿಣದ ಬಾವಿಗಳು ವಶವಾಗುತ್ತವೆ, ಆದರೆ ಎಣ್ಣೆ ಹೊತ್ತು ತರುವ ಹಡಗುಗಳು ಮುಳುಗುತ್ತವೆ, ಕೊನೆಗೆ ರಷ್ಯಾವೂ ಯುದ್ಧಕ್ಕಿಳಿಯುತ್ತದೆ, ಜಪಾನು ಸೋಲುತ್ತದೆ ಎಂದು ಆಗಸ್ಟ್ ಕೊನೆಯಲ್ಲಿ ಕೊನೊಯೆ, ತೋಜೋ ಇಬ್ಬರ ಎದುರಿನಲ್ಲೇ ವರದಿ ಒಪ್ಪಿಸಿದರು. ಯುದ್ಧವೆಂದರೆ ಲೆಕ್ಕದಂತೆ ನಡೆಯುವುದಲ್ಲ, ರಷ್ಯಾದ ಮೇಲೆ ಗೆಲ್ಲುತ್ತೇವೆಂದು ಅಂದೂ ಯಾರು ಎಣಿಸಿದ್ದರು ಎಂಬುದು ತೋಜೋ ಅವರ ಪ್ರತಿಕ್ರಿಯೆಯ ಸಾರ. ಲೆಕ್ಕ ಸರಿಯಾಗಿ ಮಾಡಿದ ವಿದ್ಯಾರ್ಥಿಗಳಿಗೆ ಸೊನ್ನೆ ಹಾಕಿದ ಪರೀಕ್ಷಕರು ಚರಿತ್ರೆಯಲ್ಲೂ ಇದ್ದಾರೆ!

ನವೆಂಬರ್ 26ರಂದು ಆರು ವಿಮಾನವಾಹಕ ಹಡಗುಗಳ ಪಡೆ ಕುರಿಲ್ ದ್ವೀಪದ ಕೊಲ್ಲಿಯೊಂದರಿಂದ ಹವಾಯಿಯತ್ತ ಹೊರಟಿತು. ದೂರ ಎಷ್ಟಿತ್ತೆಂದರೆ ತೈಲ ಹಡಗುಗಳನ್ನು ಜೊತೆಗೆ ಕರೆದೊಯ್ದು ನಡುಸಮುದ್ರದಲ್ಲಿ ಎಣ್ಣೆ ತುಂಬಿಸಿಕೊಳ್ಳಬೇಕಾಯಿತು. ಅದೂ ಸಾಲದೆಂದು ಕೆಲವು ಹಡಗುಗಳಲ್ಲಿ ಪೀಪಾಯಿಗಳನ್ನು ಪೇರಿಸಿದ್ದರು. ದಾಳಿಯ ಉದ್ದೇಶ ಹವಾಯಿಯನ್ನು ಗೆಲ್ಲುವುದಲ್ಲ. ದಕ್ಷಿಣದ ಎಣ್ಣೆಯನ್ನು ವಶಪಡಿಸಿಕೊಳ್ಳುವಷ್ಟು ಕಾಲ ಅಮೆರಿಕದ ನೌಕಾಪಡೆ ಅಡ್ಡ ಬರದಂತೆ ಮಾಡುವುದು. ಆದರೆ ಎಣ್ಣೆಗಾಗಿ ಹೊರಟವರು ಅಲ್ಲಿ ಎಣ್ಣೆಯನ್ನೇ ಮರೆತರು. ಪರ್ಲ್ ಹಾರ್ಬರಿನ ದಡದಲ್ಲಿ ಬಯಲಲ್ಲೇ ನಿಂತಿದ್ದ ತೊಟ್ಟಿಗಳಲ್ಲಿ ಸುಮಾರು 45 ಲಕ್ಷ ಬ್ಯಾರೆಲ್ ತೈಲವಿತ್ತು. ಅದರ ಪ್ರತಿ ಹನಿಯೂ ಅಮೆರಿಕದ ಮುಖ್ಯಭೂಮಿಯಿಂದ ಹಡಗಿನಲ್ಲಿ ಬಂದದ್ದು. ಅದನ್ನು ಯಾರೂ ಮುಟ್ಟಲಿಲ್ಲ. ಆ ತೊಟ್ಟಿಗಳು ಸುಟ್ಟಿದ್ದರೆ ಯುದ್ಧ ಇನ್ನೆರಡು ವರ್ಷ ಹೆಚ್ಚು ನಡೆಯುತ್ತಿತ್ತೆಂದು ಮುಂದೆ ಅಮೆರಿಕದ ನೌಕಾಧಿಪತಿ ನಿಮಿಟ್ಜ್ ಅಭಿಪ್ರಾಯಪಟ್ಟರು.

ದಕ್ಷಿಣದಲ್ಲಿ ಎಲ್ಲವೂ ಎಣಿಸಿದ್ದಕ್ಕಿಂತ ಬೇಗ ನಡೆಯಿತು. ಡಿಸೆಂಬರಿನಲ್ಲಿ ಸರವಾಕಿನ ಮಿರಿ, ಜನವರಿಯಲ್ಲಿ ಬೋರ್ನಿಯೋದ ತಾರಕನ್ ಮತ್ತು ಬಾಲಿಕ್‌ಪಾಪನ್, ಫೆಬ್ರವರಿ 14ರಂದು ಪ್ಯಾರಾಚೂಟ್ ಸೈನಿಕರು ಇಳಿದು ಸುಮಾತ್ರದ ಪಾಲೆಂಬಾಂಗ್. ಮಾರ್ಚ್ ಎರಡನೆಯ ವಾರಕ್ಕೆ ಜಾವಾ ಶರಣಾಯಿತು. ಡಚ್ಚರು ಹಲವೆಡೆ ಬಾವಿಗಳಿಗೂ ಸಂಸ್ಕರಣಾಗಾರಗಳಿಗೂ ತಾವೇ ಬೆಂಕಿ ಇಟ್ಟು ಹೋದರು. ಹಾಗೆ ಮಾಡಿದ ಸೇಡಿಗಾಗಿ ಬಾಲಿಕ್‌ಪಾಪನ್‌ನಲ್ಲಿ ಜಪಾನೀಯರು ಸುಮಾರು ಎಂಬತ್ತು ಮಂದಿ ಐರೋಪ್ಯರನ್ನು ಕೊಂದರು. ಅವರಲ್ಲಿ ಸೈನಿಕರಲ್ಲದವರೂ ಇದ್ದರು. ಈಸ್ಟ್ ಇಂಡೀಸಿನ ಸ್ಥಳೀಯ ಜನರಿಗೆ ಆದದ್ದು ಇದಕ್ಕಿಂತ ಬಹಳ ದೊಡ್ಡದು. ಏಷ್ಯಾದ ವಿಮೋಚಕರೆಂದು ಬಂದವರು ಲಕ್ಷಾಂತರ ಜನರನ್ನು ಜೀತದ ದುಡಿಮೆಗೆ ಎಳೆದೊಯ್ದರು.

ಬಾವಿಗಳ ದುರಸ್ತಿ ಆಶ್ಚರ್ಯಕರ ವೇಗದಲ್ಲಿ ನಡೆಯಿತು. 1943ರ ಹೊತ್ತಿಗೆ ಯುದ್ಧಪೂರ್ವದ ಉತ್ಪಾದನೆಯ ಸುಮಾರು ಮುಕ್ಕಾಲು ಪಾಲು ಮತ್ತೆ ಬರುತ್ತಿತ್ತು. ಆದರೆ ಎಣ್ಣೆ ಸುಮಾತ್ರದಲ್ಲಿತ್ತು, ಅದನ್ನು ಸುಡುವ ಕಾರ್ಖಾನೆಗಳು ಜಪಾನಿನಲ್ಲಿದ್ದವು. ನಡುವೆ ಸಾವಿರಾರು ಮೈಲಿ ಸಮುದ್ರ. ಹಿಂದೆ ಅಮೆರಿಕವೆಂಬ ಮಾರಾಟಗಾರನನ್ನು ನೆಚ್ಚಿಕೊಂಡಿದ್ದ ದೇಶ ಈಗ ಒಂದು ಸಮುದ್ರಮಾರ್ಗವನ್ನು ನೆಚ್ಚಿಕೊಂಡಿತು, ಅಷ್ಟೇ ವ್ಯತ್ಯಾಸ. ಮೊದಲ ಮುನ್ಸೂಚನೆ 1942ರ ಮೇ ತಿಂಗಳಲ್ಲೇ ಸಿಕ್ಕಿತ್ತು. ಬಾವಿಗಳನ್ನು ನಡೆಸಲು ಸುಮಾರು ಸಾವಿರ ತಂತ್ರಜ್ಞರನ್ನು ಹೊತ್ತು ಹೊರಟಿದ್ದ ತಾಯೋ ಮಾರು ಹಡಗನ್ನು ಅಮೆರಿಕದ ಜಲಾಂತರ್ಗಾಮಿಯೊಂದು ಮುಳುಗಿಸಿತು. ಸತ್ತವರು ಸುಮಾರು 800. ಆರಂಭದಲ್ಲಿ ಅಮೆರಿಕದ ಟಾರ್ಪೆಡೋಗಳು ದೋಷಪೂರಿತವಾಗಿದ್ದು ಹಡಗಿಗೆ ತಗುಲಿದರೂ ಸಿಡಿಯುತ್ತಿರಲಿಲ್ಲ. 1943ರಲ್ಲಿ ಅದನ್ನು ಸರಿಪಡಿಸಿದ ಮೇಲೆ ತೈಲ ಹಡಗುಗಳ ಬೇಟೆಯೇ ನಡೆಯಿತು. ಜಪಾನಿಗೆ 1943ರಲ್ಲಿ ಸುಮಾರು 1.45 ಕೋಟಿ ಬ್ಯಾರೆಲ್ ತೈಲ ಬಂದು ಸೇರಿತ್ತು, 1944ರಲ್ಲಿ 50 ಲಕ್ಷ ಮಾತ್ರ. 1945ರ ಫೆಬ್ರವರಿಯಲ್ಲಿ ಇಸೆ, ಹ್ಯೂಗಾ ಎಂಬ ಎರಡು ಭಾರಿ ಯುದ್ಧನೌಕೆಗಳೇ ಸಿಂಗಾಪುರದಿಂದ ಪೀಪಾಯಿಗಳಲ್ಲಿ ಪೆಟ್ರೋಲ್ ಹೊತ್ತು ತಂದವು. ಆನೆಯನ್ನು ಸೌದೆ ಹೊರಲು ಹಚ್ಚಿದ ಹಾಗೆ. ಮಾರ್ಚ್ ನಂತರ ಅದೂ ನಿಂತಿತು.

ಯಮಾತೊ ಎಂಬ ಜಗತ್ತಿನ ಅತಿ ದೊಡ್ಡ ಯುದ್ಧನೌಕೆ ಏಪ್ರಿಲ್‌ನಲ್ಲಿ ಹೋಗುವುದಕ್ಕೆ ಮಾತ್ರ ಸಾಲುವಷ್ಟು ಎಣ್ಣೆ ಹಾಕಿಕೊಂಡು ಓಕಿನಾವಾದತ್ತ ಹೊರಟಿತೆಂಬ ಕಥೆಯನ್ನು ನಾನೂ ತರಗತಿಯಲ್ಲಿ ಹೇಳಿದ್ದುಂಟು. ಅದನ್ನು ತಿದ್ದಿಕೊಳ್ಳುತ್ತೇನೆ. ಮೇಲಿನ ಆದೇಶ ಹಾಗಿತ್ತು, ಆದರೆ ಬಂದರಿನ ಅಧಿಕಾರಿಗಳು ತೊಟ್ಟಿಗಳ ತಳ ಬಳಿದು, ಮರಳಿ ಬರಲೂ ಸಾಕಾಗುವಷ್ಟು ಗುಟ್ಟಾಗಿ ತುಂಬಿಸಿದ್ದರು. ಅದು ಮರಳಿ ಬರಲಿಲ್ಲ. ಏಪ್ರಿಲ್ 7ರಂದು ಮುಳುಗಿತು.

ನನ್ನನ್ನು ಹೆಚ್ಚು ಕಾಡಿದ್ದು ಹಡಗುಗಳ ಕಥೆಯಲ್ಲ, ಪೈನ್ ಮರದ ಬೇರುಗಳ ಕಥೆ. ಯುದ್ಧದ ಕೊನೆಯ ವರ್ಷ ಪೈನ್ ಬೇರುಗಳನ್ನು ಕಾಯಿಸಿ ಎಣ್ಣೆ ಇಳಿಸಿದರೆ ವಿಮಾನ ಹಾರಿಸಬಹುದೆಂದು ಸರ್ಕಾರ ಪ್ರಚಾರ ಮಾಡಿತು. 200 ಬೇರುಗಳಿಂದ ಒಂದು ವಿಮಾನ ಒಂದು ಗಂಟೆ ಹಾರುತ್ತದೆಂಬುದು ಲೆಕ್ಕ. ಹಳ್ಳಿ ಹಳ್ಳಿಗಳಲ್ಲಿ ಹೆಂಗಸರು, ಮುದುಕರು, ಶಾಲೆಯ ಮಕ್ಕಳು ಗುದ್ದಲಿ ಹಿಡಿದು ಬೆಟ್ಟಕ್ಕೆ ಹೋದರು. ಗಂಡಸರೆಲ್ಲ ಯುದ್ಧಕ್ಕೆ ಹೋಗಿದ್ದರಲ್ಲ. ದೇಶದ ತುಂಬ 34,000ಕ್ಕೂ ಹೆಚ್ಚು ಭಟ್ಟಿಗಳು ಉರಿದವು, ಬೆಟ್ಟಗಳು ಬೋಳಾದವು. 1945ರ ಜೂನ್ ವೇಳೆಗೆ ತಿಂಗಳಿಗೆ 70,000 ಬ್ಯಾರೆಲ್ ಕಚ್ಚಾ ಬೇರೆಣ್ಣೆ ತಯಾರಾಗುತ್ತಿತ್ತು. ಯುದ್ಧ ಮುಗಿಯುವವರೆಗೆ ಅದರಿಂದ ವಿಮಾನದ ಪೆಟ್ರೋಲ್ ಆಗಿ ಮಾರ್ಪಟ್ಟದ್ದು ಸುಮಾರು 3,000 ಬ್ಯಾರೆಲ್. ಪಾಠ ಬಿಟ್ಟು ಬೇರು ಅಗೆಯುತ್ತಿದ್ದ ಆ ಮಕ್ಕಳೊಡನೆ ಅವರ ಮೇಷ್ಟರೂ ಹೋಗಿರಬೇಕು. ಅವರು ಮಕ್ಕಳಿಗೆ ಏನೆಂದು ಹೇಳಿದರೋ ಎಂದು ಹಲವು ಸಲ ಯೋಚಿಸಿದ್ದೇನೆ.

ಈ ಯುದ್ಧದ ಬಿಸಿ ನಮ್ಮ ಹಳ್ಳಿಗಳಿಗೂ ಎಣ್ಣೆಯ ರೂಪದಲ್ಲಿಯೇ ತಟ್ಟಿತು. ಭಾರತಕ್ಕೆ ಬರುತ್ತಿದ್ದ ಸೀಮೆಎಣ್ಣೆಯ ದೊಡ್ಡ ಪಾಲು ಬರ್ಮಾದ್ದು. ಪರದೇಶದಿಂದ ಬಂದದ್ದಕ್ಕೆಲ್ಲ ನಮ್ಮ ಹಿರಿಯರು ‘ಸೀಮೆ’ ಎಂಬ ಮಾತನ್ನು ಅಂಟಿಸುತ್ತಿದ್ದರು. ನನ್ನ ಕೈಯ ಸೀಮೆಸುಣ್ಣಕ್ಕೂ ಅದೇ ಹೆಸರು. 1942ರ ಮಾರ್ಚ್ ತಿಂಗಳಲ್ಲಿ ರಂಗೂನ್ ಬೀಳುವ ಮುನ್ನ ಬ್ರಿಟಿಷರು ಅಲ್ಲಿನ ಸಂಸ್ಕರಣಾಗಾರವನ್ನು, ಏಪ್ರಿಲ್‌ನಲ್ಲಿ ಯೆನಾಂಜಾಂಗ್‌ನ ಬಾವಿಗಳನ್ನು ತಾವೇ ನಾಶಪಡಿಸಿದರು. ಹಾಸನ ಜಿಲ್ಲೆಯ ನಮ್ಮೂರಿನಲ್ಲಿ ಹೈಸ್ಕೂಲು ಓದುತ್ತಿದ್ದ ನಮ್ಮ ತಂದೆಯವರಿಗೆ ಯೆನಾಂಜಾಂಗ್ ಎಂಬ ಹೆಸರು ಗೊತ್ತಿರಲಿಲ್ಲ. ಅಂಗಡಿಯ ಶೆಟ್ಟರು ಸೀಮೆಎಣ್ಣೆ ಇಲ್ಲವೆಂದು ಖಾಲಿ ಡಬ್ಬ ಬೋರಲು ಹಾಕಿ ತೋರಿಸಿದ್ದು ಮಾತ್ರ ನೆನಪಿತ್ತು. ಪಟ್ಟಣಕ್ಕೆ ಹೋಗುತ್ತಿದ್ದ ಬಸ್ಸಿನ ಹಿಂದೆ ಇದ್ದಿಲಿನ ಒಲೆಯಂಥ ಡ್ರಮ್ಮು ಬಂತು. ಏರು ಬಂದಾಗ ಪ್ರಯಾಣಿಕರೆಲ್ಲ ಇಳಿದು ತಳ್ಳುತ್ತಿದ್ದರಂತೆ. ಅಜ್ಜಿ ಅಟ್ಟದ ಮೇಲಿಟ್ಟಿದ್ದ ಹಳೆಯ ಕಬ್ಬಿಣದ ದೀಪವನ್ನು ಇಳಿಸಿ, ಹೊಂಗೆ ಎಣ್ಣೆ ಹಾಕಿ, ಹತ್ತಿಯ ಬತ್ತಿ ಹೊಸೆದು ಕೊಟ್ಟರು. ಲಾಟೀನಿನ ಬೆಳಕಿನ ಮುಂದೆ ಅದು ಏನೂ ಅಲ್ಲ, ಹೊಗೆ ಬೇರೆ. ಬೆಳಗ್ಗೆ ಎದ್ದಾಗ ಮೂಗಿನ ಹೊಳ್ಳೆಗಳು ಕಪ್ಪಾಗಿರುತ್ತಿದ್ದವು ಎಂದು ತಂದೆಯವರು ನಗುತ್ತ ಹೇಳುತ್ತಿದ್ದರು. ಅದೇ ದೀಪದಲ್ಲಿ ಓದಿ ಎಸ್ಸೆಸ್ಸೆಲ್ಸಿ ಮುಗಿಸಿದರು. ದೀಪ ಈಗಲೂ ನಮ್ಮ ಮನೆಯಲ್ಲಿದೆ. ಬತ್ತಿ ಇಡುವ ಜಾಗದಲ್ಲಿ ಗಟ್ಟಿಯಾದ ಜಿಡ್ಡು ಇನ್ನೂ ಹೋಗಿಲ್ಲ.